ಬಚ್ಚಲ ಬಾಳೆ

ನಾನು ಚಿಕ್ಕವನಾಗಿದ್ದಾಗ ಕಮಲಾಪುರದ ನಮ್ಮ ಮನೆಯಲ್ಲಿ ಬಾಳೆಗೆ ಎರಡು ಜಾತಿಗಳಿದ್ದವು: ಒಂದು ತೋಟದ ಬಾಳೆ, ಇನ್ನೊಂದು ಬಚ್ಚಲ ಬಾಳೆ. ಸಸ್ಯಶಾಸ್ತ್ರ ಬಲ್ಲವರು ಈ ವಿಂಗಡಣೆಯನ್ನು ಒಪ್ಪಲಾರರು. ಬಚ್ಚಲ ಹಿಂದಿನ ಬಾಳೆಯ ಕಂದು ಕೂಡ ತೋಟದಿಂದಲೇ ಬಂದದ್ದು; ಅದೇ ಕೆಂಪು ಬಾಳೆ, ತಾಮ್ರದ ತಂಬಿಗೆಯ ಬಣ್ಣದ ಗೊನೆ ಬಿಡುವ ಬಾಳೆ, ಇಂದು ಭೌಗೋಳಿಕ ಗುರುತಿನ ಮುದ್ರೆಯನ್ನು ಪಡೆದು ಕಮಲಾಪುರದ ಹೆಸರನ್ನು ದೂರದೂರದ ಪೇಟೆಗಳಿಗೆ ಒಯ್ದಿರುವ ಬಾಳೆ. ಆದರೆ ಕುಡಿದ ನೀರು ಬೇರೆಯಾದ್ದರಿಂದ ಅದರ ಜಾತಿಯೂ ಬೇರೆಯಾಯಿತು. ತೋಟದ ಗೊನೆಯ ಮೊದಲ ಚಿಪ್ಪು ದೇವರಿಗೆ, ಉಳಿದದ್ದು ಪೇಟೆಗೆ. ಬಚ್ಚಲ ಬಾಳೆ ಹುಡುಗರಿಗೆ.

ಒಮ್ಮೆ ಶ್ರಾವಣದ ಸೋಮವಾರ ತೋಟದ ಹಣ್ಣು ತೀರಿಹೋಗಿತ್ತು. ಬಚ್ಚಲ ಹಿಂದೆ ಮಾತ್ರ ಒಂದು ಗೊನೆ ತುಂಬಿ ತೂಗುತ್ತಿತ್ತು. ಅದನ್ನೇ ನೈವೇದ್ಯಕ್ಕೆ ಇಡಬಾರದೇಕೆ ಎಂದು ನಾನು ಅವ್ವನನ್ನು ಕೇಳಿದೆ.

“ಅದು ಬಚ್ಚಲದ್ದಪಾ.”

“ದೇವರಿಗೇನು ಗೊತ್ತಾಗ್ತದ?”

“ದೇವರಿಗಿ ಗೊತ್ತಾಗ್ಲಿಲ್ಲಂದ್ರ ಮತ್ಯಾರಿಗಿ ಗೊತ್ತಾಗಬೇಕು?” ಎಂದಳು ಅವ್ವ. ಈ ವಾದಕ್ಕೆ ಉತ್ತರ ಅಂದೂ ನನ್ನಲ್ಲಿರಲಿಲ್ಲ. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ, ಅದೇ ಬಾಳೆಯ ದೆಸೆಯಿಂದ, ಆ ಪ್ರಶ್ನೆ ಮತ್ತೆ ನನ್ನ ಹಿತ್ತಲಿಗೆ ಬಂದು ನಿಂತಿದೆ.

ಆ ಬಚ್ಚಲನ್ನು ಸ್ವಲ್ಪ ವಿವರಿಸಬೇಕು. ಮೂಲೆಯಲ್ಲಿ ಒಂದು ಹಾಸುಗಲ್ಲು, ಪಕ್ಕದಲ್ಲಿ ಹಂಡೆಯ ಒಲೆ. ಗೋಡೆಯ ಬುಡದ ಕಿಂಡಿಯಿಂದ ನೀರು ಹೊರಗೆ ಬೀಳುತ್ತಿತ್ತು. ಬಿದ್ದ ಕಡೆ ಒಂದು ಸಣ್ಣ ಗುಂಡಿ, ಅದರೊಳಗೆ ಕಲ್ಲುಚೂರು. ಗುಂಡಿಯ ಅಂಚಿಗೆ ಕೆಸುವಿನ ಹಿಂಡು, ಅದರಾಚೆ ಕೆಂಪು ಹೂವಿನ ಕಾಬಾಳೆ, ಅದರಾಚೆ ನಮ್ಮ ಬಾಳೆ, ಎಲ್ಲಕ್ಕೂ ಕೊನೆಗೆ ಒಂದು ನಿಂಬೆಯ ಗಿಡ. ನಿಂಬೆಯ ಬುಡ ದಾಟಿ ನೀರು ಹೋದದ್ದನ್ನು ನಾನು ಕಾಣೆ. ಓಣಿಗೆ ಅದು ಎಂದೂ ಮುಖ ತೋರಿಸಲಿಲ್ಲ. ಮೈಗೆ ಹಚ್ಚಿದ ಸೀಗೆ, ಪಾತ್ರೆಗೆ ಉಜ್ಜಿದ ಬೂದಿ, ಅನ್ನದ ಅಗುಳು, ಎಣ್ಣೆಯ ಜಿಡ್ಡು ಎಲ್ಲ ಆ ಹತ್ತು ಮೊಳದ ದಾರಿಯಲ್ಲಿ ಕರಗಿ ಎಲೆಯಾಗಿ, ಹೂವಾಗಿ, ಹಣ್ಣಾಗಿ ಹೋಗುತ್ತಿತ್ತು. ಎಂಟು ದಿನಕ್ಕೊಮ್ಮೆ ಅವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ, ಸಲಿಕೆಯಿಂದ ಗುಂಡಿಯ ಕರಿ ರಾಡಿಯನ್ನು ಬಗೆದು ತಿಪ್ಪೆಗೆ ಹಾಕುವಳು. ಹಣ್ಣೆಲೆಗಳನ್ನು ಕುಯ್ದು ಎಮ್ಮೆಯ ಮುಂದೆ ಎಸೆಯುವಳು. ಅದು ನೀರನ್ನು ಶುದ್ಧಮಾಡುವ ಉಪಾಯವೆಂದು ಯಾರೂ ಹೇಳಲಿಲ್ಲ, ಯಾರೂ ತಿಳಿದಿರಲೂ ಇಲ್ಲ. ಬಚ್ಚಲ ನೀರು ಸುಮ್ಮನೆ ಹೋಗಬಾರದು, ಅಷ್ಟೆ.

ಇಷ್ಟು ಬರೆದು ನಮ್ಮ ಹಿರಿಯರ ಜಾಣ್ಮೆಯನ್ನು ಕೊಂಡಾಡಲು ಲೇಖನಿ ತವಕಿಸುತ್ತದೆ. ಅದನ್ನು ತಡೆಯುವುದೇ ಮೇಲು. ಆ ಗುಂಡಿಯಲ್ಲಿ ಸೊಳ್ಳೆಗಳು ಸುಖವಾಗಿದ್ದವು. ನಮ್ಮ ಮನೆಯ ಚಳಿಜ್ವರಗಳಲ್ಲಿ ಎಷ್ಟು ಪಾಲು ಅವುಗಳದ್ದೋ! ಅದಕ್ಕಿಂತ ಮುಖ್ಯವಾಗಿ, ಆ ಹತ್ತು ಮೊಳದ ದಾರಿಗೆ ಬರುತ್ತಿದ್ದುದು ಸ್ನಾನದ ನೀರು, ಮುಸುರೆಯ ನೀರು ಮಾತ್ರ. ಉಳಿದದ್ದಕ್ಕೆ ಊರಿನವರು ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದರು. ಪಟ್ಟಣಗಳಲ್ಲಿ ಅದನ್ನು ಬುಟ್ಟಿಯಲ್ಲಿ ಹೊತ್ತು ಒಯ್ಯಲು ಮನುಷ್ಯರಿದ್ದರು. ಅವರ ಜಾತಿಯನ್ನೂ ನಾವು ಹೀಗೆಯೇ, ಅವರು ಮುಟ್ಟುವ ನೀರಿನಿಂದ ನಿರ್ಧರಿಸಿದ್ದೆವು. ಅದನ್ನು ನಿಷೇಧಿಸುವ ಕಾಯಿದೆ 1993ರಲ್ಲಿ ಒಮ್ಮೆ, ಸಾಲದೆಂದು 2013ರಲ್ಲಿ ಇನ್ನೊಮ್ಮೆ ಬರಬೇಕಾಯಿತು. ಆದ್ದರಿಂದ ಬಚ್ಚಲ ಬಾಳೆಯ ಹೊಗಳಿಕೆ ಅದರ ಗಾತ್ರಕ್ಕೆ ತಕ್ಕಷ್ಟೇ ಇರಲಿ.

ಓದು ಮುಗಿಸಿ ನಾನು ಮಾಸ್ತರಿಕೆಗೆಂದು ಕಲಬುರಗಿಗೆ, ಅಂದಿನ ಗುಲ್ಬರ್ಗಕ್ಕೆ, ಬಂದೆ. 1984ರಲ್ಲಿ ಊರಂಚಿನ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಬರುವಾಗ ಟ್ರಂಕಿನ ಜೊತೆಗೆ ಗೋಣಿಯಲ್ಲಿ ಸುತ್ತಿದ ಎರಡು ಬಾಳೆಯ ಕಂದು, ನಾಲ್ಕು ಕೆಸುವಿನ ಗೆಡ್ಡೆ. ಬಸ್ಸಿನಲ್ಲಿ ಕಂಡಕ್ಟರನಿಗೂ ಅವಳಿಗೂ ಆ ಗೋಣಿಯ ಟಿಕೇಟಿನ ಬಗ್ಗೆ ಕುರಿಕೋಟದ ಸೇತುವೆಯವರೆಗೂ ಮಾತು ನಡೆದಿತ್ತಂತೆ. ಬಂದ ವಾರದಲ್ಲೇ ಅವು ನಮ್ಮ ಬಚ್ಚಲ ಹಿಂದೆ ಬೇರೂರಿದವು.

ಎಂಟು ವರ್ಷದ ಮೇಲೆ ನಾನು ಅವನ್ನು ಕೀಳಿಸಿದೆ. ಕಾರಣಗಳಿಗೆ ಕೊರತೆಯಿರಲಿಲ್ಲ. ಸೊಳ್ಳೆ, ಕೆಸರು, ಓಣಿಗೆ ಬಂದ ಹೊಸ ಗಟಾರ, ತಂಗಿಯ ಮದುವೆಗೆ ಬೀಗರು ಬರುವವರಿದ್ದದ್ದು. ನಿಜವಾದ ಕಾರಣವೆಂದರೆ ನೆರೆಮನೆಯವರ ಹಿತ್ತಲು. ಅದಕ್ಕೆ ಶಹಾಬಾದ ಫರಸಿ ಹಾಸಿತ್ತು. ತೊಳೆದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನೂ ಫರಸಿ ಹಾಸಿಸಿದೆ. ಬಚ್ಚಲಿಗೆ ಕೊಳವೆ ಕೂಡಿಸಿ ನೀರನ್ನು ಗಟಾರಕ್ಕೆ ಬಿಟ್ಟೆ. ಅವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

“ಛಲೋ ಆತು. ಈಗ ನೀರು ಎಲ್ಲಿಗಿ ಹೋಗ್ತದ?”

“ಗಟಾರಕ್ಕ, ಅವ್ವಾ.”

“ಗಟಾರ ಎಲ್ಲಿಗಿ ಹೋಗ್ತದ?”

“ಊರ ಹೊರಗ.”

“ಊರ ಹೊರಗ ಯಾರೂ ಇಲ್ಲೇನು?”

ಮುದುಕರ ಮಾತೆಂದು ನಕ್ಕೆ. ಅವ್ವ 1999ರಲ್ಲಿ ತೀರಿಕೊಂಡಳು. ಊರ ಹೊರಗೆ ಯಾರಿದ್ದಾರೆಂದು ತಿಳಿಯಲು ನನಗೆ ಇನ್ನೂ ಹದಿನೇಳು ವರ್ಷ ಬೇಕಾಯಿತು.

ನಮ್ಮ ಓಣಿಗೆ ಬೆಳಗಿನ ಏಳಕ್ಕೆ ಕಾಯಿಪಲ್ಯದ ಬುಟ್ಟಿ ಹೊತ್ತು ಬರುವ ಹೆಣ್ಣುಮಗಳೊಬ್ಬಳಿದ್ದಾಳೆ. ಮೆಂತೆ, ಪಾಲಕ, ಕೋತಂಬರಿ, ಪುಂಡಿಪಲ್ಯ. 2016ರ ಬೇಸಿಗೆ, ಬರದ ವರ್ಷ. ಊರಿಗೆಲ್ಲ ಟ್ಯಾಂಕರಿನ ನೀರು. ಆಗಲೂ ಅವಳ ಮೆಂತೆ ಮಾತ್ರ ಮಳೆಗಾಲದ್ದರಂತೆ ಹಸಿರಾಗಿತ್ತು. ನಾನು ಮೆಚ್ಚಿಕೊಂಡು ಕೇಳಿದೆ:

“ಎಲ್ಲೆವ್ವಾ ನಿನ್ನ ತ್ವಾಟ? ಇಂಥಾ ಬ್ಯಾಸಗ್ಯಾಗ ನೀರು ಎಲ್ಲಿಂದ ತರ್ತಿ?”

“ಹಳ್ಳದ ದಂಡಿಗಿ ಅದ್ರಿ ಸರ. ಬೋರು ಒಣಗ್ತಾವ, ಹಳ್ಳ ಒಣಗಂಗಿಲ್ಲ.”

“ಯಾವ ಹಳ್ಳ?”

ಅವಳು ಬಗ್ಗಿ ತೂಕದ ಕಲ್ಲು ಎತ್ತಿಕೊಳ್ಳುತ್ತ, ಯಾವ ಕೊಂಕೂ ಇಲ್ಲದೆ ಹೇಳಿದಳು: “ಊರಾನ ನೀರು ಬರ್ತದಲ್ರೀ, ಆ ಹಳ್ಳ. ನಿಮ್ಮ ನೀರೇ ರೀ ಸರ.”

ಆಗ ನನ್ನ ಕಣ್ಣು ಅವಳ ಪಾದದ ಮೇಲೆ ಬಿತ್ತು. ಹಿಮ್ಮಡಿಯಿಂದ ಕಣಕಾಲಿನವರೆಗೆ ಚರ್ಮ ಕಪ್ಪಾಗಿ ಸಿಪ್ಪೆಯೆದ್ದಿತ್ತು. ನೀರು ಕಟ್ಟುವಾಗ ಬರಿಗಾಲಲ್ಲಿ ನಿಲ್ಲಬೇಕು, ರಾತ್ರಿಯೆಲ್ಲ ತುರಿಕೆ. ಮುಲಾಮು ಹಚ್ಚಿದರೆ ಎರಡು ದಿನ ತಗ್ಗುತ್ತದೆಯಂತೆ. ಅಂದು ಕೊಂಡ ಮೆಂತೆಯನ್ನು ನನ್ನ ಹೆಂಡತಿ ಉಪ್ಪುನೀರಿನಲ್ಲಿ ಮೂರು ಸಲ ತೊಳೆದಳು. ನನಗೆ ಊಟ ರುಚಿಸಲಿಲ್ಲ. ನಾನು 24 ವರ್ಷದಿಂದ ಹೊರಕ್ಕೆ ಕಳಿಸಿದ ನೀರು ನೆಟ್ಟಗೆ ಆ ಪಾದಗಳ ಮೇಲೆ ಹರಿದು, ಸೊಪ್ಪಾಗಿ ನನ್ನ ತಾಟಿಗೇ ಹಿಂದಿರುಗಿತ್ತು.

ಇದು ನಮ್ಮ ಊರಿನದೊಂದೇ ಕಥೆಯಲ್ಲ. ಹುಬ್ಬಳ್ಳಿ-ಧಾರವಾಡಗಳ ಸುತ್ತಣ ರೈತರು ನಾಲೆಯ ಕೊಳಚೆಯನ್ನು ಪಂಪಿನಿಂದೆತ್ತಿ ಕಾಯಿಪಲ್ಯ ಬೆಳೆಯುವುದನ್ನು ವಿದ್ವಾಂಸರು ಬಂದು ಅಭ್ಯಾಸಮಾಡಿ ಬರೆದಿದ್ದಾರೆ. ರೈತನ ಲೆಕ್ಕ ಸರಳ: ಬೇಸಿಗೆಯಲ್ಲಿ ಬತ್ತದ ನೀರು, ಅದರಲ್ಲೇ ಗೊಬ್ಬರ. ಕೊಳಚೆಯೆಂದು ನಾವು ಕರೆಯುವುದನ್ನು ಅವನು ನೀರೆಂದೇ ಕರೆಯುತ್ತಾನೆ. ಕಲಕತ್ತೆಯ ವಿಷಯ ಇನ್ನೂ ಸ್ವಾರಸ್ಯವಾದುದು. 1980ರ ದಶಕದ ಆರಂಭದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರರು ಅವ್ವನ ಪ್ರಶ್ನೆಯನ್ನೇ ಹಿಡಿದು, ಈ ಮಹಾನಗರದ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಕಾಲುವೆಯ ಜಾಡಿನಲ್ಲಿ ಹೊರಟರು. ಊರ ಪೂರ್ವಕ್ಕೆ ಅವರಿಗೆ ಕಂಡದ್ದು ಸಾವಿರಾರು ಬೆಸ್ತರು, ರೈತರು ನಡೆಸಿಕೊಂಡು ಬಂದಿದ್ದ ಮೀನುಗೊಳಗಳ, ಜವುಗಿನ, ತೋಟಗಳ ಲೋಕ. ಬಿಸಿಲು, ಪಾಚಿ, ಮೀನು ಕೂಡಿ ನಗರದ ಕೊಳಚೆಯನ್ನು ತಿಂದು ಅನ್ನ ಮಾಡುತ್ತಿದ್ದವು. ಸುಮಾರು 12,500 ಹೆಕ್ಟೇರಿನ ಆ ಪ್ರದೇಶಕ್ಕೆ 2002ರಲ್ಲಿ ರಾಮ್ಸಾರ್ ಒಪ್ಪಂದದ ಮನ್ನಣೆ ದೊರೆಯಿತು. ಘೋಷರು 2018ರಲ್ಲಿ ತೀರಿಕೊಂಡರು. ಅವರ ವೃತ್ತಾಂತವನ್ನು ಓದಿದ ಮೇಲೆ ನಾನು ಅವ್ವನಿಗೆ ನಕ್ಕದ್ದನ್ನು ನೆನೆದು ನಾಚಿದೆ.

ಅದೇ 2018ರಲ್ಲಿ ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಅವಳ ಮನೆಗೆ ಜಕ್ಕೂರು ಕೆರೆ ಹತ್ತಿರ. ಬೆಳಗಿನ ತಿರುಗಾಟಕ್ಕೆ ಅಳಿಯಂದಿರು ಕರೆದುಕೊಂಡು ಹೋದರು. ಸುಮಾರು 160 ಎಕರೆಯ ವಿಸ್ತಾರವಾದ ಕೆರೆ. ನೀರುಕೋಳಿ, ಕೊಕ್ಕರೆ, ಬಲೆ ಬೀಸುವ ಬೆಸ್ತರು. ನಾನು ಕೆರೆಯ ತಲೆಯ ಕಡೆಗೆ ನಡೆದೆ. ಅಲ್ಲಿ ಕೊಳಚೆ ಶುದ್ಧಿಮಾಡುವ ಸ್ಥಾವರವೊಂದಿದೆ. ದಿನಕ್ಕೆ 1 ಕೋಟಿ ಲೀಟರಿಗೆಂದು ಕಟ್ಟಿದ್ದು. ಅಲ್ಲಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಆಳೆತ್ತರದ ಜೊಂಡು ಬೆಳೆದ ಜವುಗೊಂದರಲ್ಲಿ ನಿಧಾನವಾಗಿ, ನಡೆಯಲು ಮನಸ್ಸಿಲ್ಲದ ಹುಡುಗನಂತೆ ಸುತ್ತಿ ಸುಳಿದು, ಆಮೇಲೆ ಕೆರೆಯನ್ನು ಸೇರುತ್ತದೆ. ಯಂತ್ರಕ್ಕೆ ಸಿಕ್ಕದೆ ಉಳಿದ ಸಾರಜನಕ ರಂಜಕಗಳಲ್ಲಿ ಒಂದಷ್ಟನ್ನು ಜವುಗು ಹಿಡಿದುಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ಈ ನೀರನ್ನು ಅಳೆದು ತೂಗಿ ಬರೆದಿದ್ದಾರೆ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕಬೇಕು, ಇಲ್ಲವಾದರೆ ಅದು ಅಲ್ಲೇ ಕೊಳೆತು ಹಿಡಿದದ್ದನ್ನೆಲ್ಲ ನೀರಿಗೇ ಹಿಂದಿರುಗಿಸುತ್ತದೆ ಎಂಬ ಮಾತನ್ನೂ ಸೇರಿಸಿದ್ದಾರೆ. ನನಗೆ ಕೂಡಲೇ ಸೀರೆಯ ನೆರಿಗೆ ಎತ್ತಿ ಕಟ್ಟಿದ ಅವ್ವ ಕಣ್ಣೆದುರು ನಿಂತಳು.

ಊರಿಗೆ ಮರಳಿ ಬಂದು ಓದಲು ಕುಳಿತೆ. ನಿವೃತ್ತ ಮಾಸ್ತರನಿಗೆ ಹುಚ್ಚು ಹಿಡಿದರೆ ಪುಸ್ತಕದಿಂದಲೇ ಹಿಡಿಯುತ್ತದೆ. ಗಿಡದಿಂದ ಕೊಳಚೆಯನ್ನು ತೊಳೆಯುವ ಈ ವಿದ್ಯೆಯನ್ನು ಪ್ರಯೋಗಶಾಲೆಗೆ ತಂದವರಲ್ಲಿ ಮೊದಲಿಗರು ಜರ್ಮನಿಯ ಕೇಟೆ ಝೈಡೆಲ್ ಎಂಬ ಮಹಿಳೆ. 1950ರ ದಶಕದ ಮೊದಲಲ್ಲಿ, ಪ್ಲ್ಯೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ, ಕೆರೆಯಂಚಿನ ಒಂದು ಬಗೆಯ ಆಪನ್ನು ಕೊಳೆನೀರಿನಲ್ಲಿ ಬೆಳೆಸಿ ನೀರು ತಿಳಿಯಾಗುವುದನ್ನು ತೋರಿಸಿದರು. ಎಂಜಿನಿಯರುಗಳು ಅದನ್ನು ಬಹುಕಾಲ ಗಣನೆಗೆ ತರಲಿಲ್ಲ. ಹುಲ್ಲಿನಿಂದ ಆಗುವ ಕೆಲಸಕ್ಕೆ ಕಾಂಕ್ರೀಟು ಏಕೆ ಎಂದು ಜನ ಕೇಳತೊಡಗಿದರೆ ಅವರ ಗತಿಯೇನು!

ಕೆಲಸವೇನೋ ಹುಲ್ಲಿನದಲ್ಲ. ಇದು ನನಗೂ ಹೊಸ ಸಂಗತಿ. ಕಲ್ಲುಪುಡಿಯ ಮೇಲೂ ಬೇರಿನ ಮೇಲೂ ಲೋಳೆಯಾಗಿ ಅಂಟಿಕೊಂಡಿರುವ ಕಣ್ಣಿಗೆ ಕಾಣದ ಜೀವಾಣುಗಳು ಕೊಳೆಯನ್ನು ತಿಂದು ಅರಗಿಸುತ್ತವೆ. ಗಿಡ ಅವಕ್ಕೆ ಮನೆ ಒದಗಿಸುತ್ತದೆ, ಬೇರಿನ ಮೂಲಕ ಒಂದಿಷ್ಟು ಪ್ರಾಣವಾಯುವನ್ನು ಕೆಳಗಿಳಿಸುತ್ತದೆ, ಕಲ್ಲಿನ ಸಂದು ಕಟ್ಟಿಕೊಳ್ಳದಂತೆ ಬೇರಾಡಿಸುತ್ತದೆ, ತನ್ನ ಪಾಲಿನ ಗೊಬ್ಬರವನ್ನೂ ಎತ್ತಿಕೊಳ್ಳುತ್ತದೆ. ಆದರೂ ಹೆಸರೆಲ್ಲ ಗಿಡಕ್ಕೆ. ಮದುವೆಯಲ್ಲಿ ಅಡಿಗೆಯವನು ಹಿತ್ತಲಲ್ಲಿ ಬೇಯುತ್ತಿರುವಾಗ, ಬಡಿಸುವವನನ್ನು ಬೀಗರು ಹೊಗಳಿದಂತೆ.

ಅಷ್ಟಾದ ಮೇಲೆ ಸುಮ್ಮನಿರುವುದು ಹೇಗೆ? 2019ರ ದೀಪಾವಳಿ ಮುಗಿಯುತ್ತಲೇ ಗೌಂಡಿಯನ್ನು ಕರೆಸಿ ಹಿತ್ತಲ ಫರಸಿ ಕೀಳೆಂದೆ. ಅವನು ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದ.

“ಮಾಸ್ತರ, ಎಲ್ಲಾರೂ ಗಟಾರ ಮುಚ್ಚಾಕ ಕರೀತಾರ. ಮನ್ಯಾಗ ಗಟಾರ ಮಾಡ್ಕೊಳ್ಳಾಕ ಕರದವ್ರು ನೀವ ಮೊದಲ್ನೇದವ್ರು.”

“ಗಟಾರ ಅಲ್ಲಪಾ, ಗಿಡದ ಪಾತಿ.”

“ಹಂಗಾದ್ರ ಬಚ್ಚಲ ಪೈಪು ಯಾಕ್ರಿ ಅದರಾಗ?”

ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ತೊಟ್ಟಿ. ಕಿತ್ತ ಫರಸಿಯನ್ನೇ ತಳಕ್ಕೂ ಬದಿಗೂ ನಿಲ್ಲಿಸಿ ಸಿಮೆಂಟಿನಿಂದ ಸಂದು ಮುಚ್ಚಿದೆವು, ನೀರು ನೆಲಕ್ಕಿಳಿಯಬಾರದು. ಅದಕ್ಕೆ ಮುಂಚೆ ಒಂದು ಸಣ್ಣ ಗುಂಡಿ. ಮುಸುರೆಯ ಜಿಡ್ಡು ಮೇಲೆ ತೇಲಿ, ರಾಡಿ ಕೆಳಗೆ ಕೂತು, ನಡುವಿನ ನೀರು ಮಾತ್ರ ತೊಟ್ಟಿಗೆ ಹೋಗುವಂತೆ. ಪಾಯಖಾನೆಯ ನೀರನ್ನು ಈ ವ್ಯವಹಾರಕ್ಕೆ ಸೇರಿಸಲಿಲ್ಲ. ಅದು ತನ್ನ ಒಳಚರಂಡಿಯಲ್ಲೇ ಹೋಯಿತು. ಇಲ್ಲಿಯವರೆಗೆ ಎಲ್ಲ ಪುಸ್ತಕದಂತೆ. ಆಮೇಲೆ ನನ್ನ ಬುದ್ಧಿ ಓಡಿಸಿದೆ. ಬರಿಯ ಖಡಿಯಲ್ಲಿ ಗಿಡ ಹೇಗೆ ಬದುಕೀತೆಂದು ಮರುಕಪಟ್ಟು, ಖಡಿಗೆ ಅರ್ಧದಷ್ಟು ನಮ್ಮ ಎರೆಮಣ್ಣನ್ನು ಬೆರೆಸಿದೆ.

ಎರೆಮಣ್ಣಿನ ಗುಣ ಗೊತ್ತಿದ್ದೂ ಹಾಗೆ ಮಾಡಿದೆ. ತೊಗರಿಗೆ ಅದು ತಾಯಿ, ನೀರಿಗೆ ಮಾತ್ರ ಗೋಡೆ. ಮೂರು ವಾರದಲ್ಲಿ ಮಣ್ಣು ಉಬ್ಬಿ, ಸಂದುಗಳೆಲ್ಲ ಮುಚ್ಚಿ, ನೀರು ಒಳಗಿಳಿಯದೆ ಮೇಲೆ ನಿಂತಿತು. ಐದನೆಯ ವಾರ ನಾರತೊಡಗಿತು. ನೆರೆಮನೆಯವರು ಮೊದಲು ಕಿಟಕಿ ಮುಚ್ಚಿದರು, ಆಮೇಲೆ ಮಾತು ಬಿಟ್ಟರು. ನನ್ನ ಹೆಂಡತಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಮಾತ್ರ ಹಿತ್ತಲಿನಿಂದ ಬಿಚ್ಚಿ ಮುಂದಿನ ಅಂಗಳಕ್ಕೆ ಕಟ್ಟಿದಳು. ಬಂದವರಿಗೆಲ್ಲ ಮೊದಲು ನನ್ನ ಪಂಚೆಯ ದರ್ಶನ.

ಮತ್ತೆ ಪುಸ್ತಕಕ್ಕೆ ಮರಳಿದಾಗ ಒಂದು ಸಮಾಧಾನ ದೊರೆಯಿತು. ಝೈಡೆಲ್ ಅವರ ಜೊತೆ ದುಡಿದಿದ್ದ ರೈನ್‌ಹೋಲ್ಡ್ ಕಿಕುಟ್ ಎಂಬ ಪಂಡಿತರು 1974ರಲ್ಲಿ ಜರ್ಮನಿಯ ಓಟ್‌ಫ್ರೇಸೆನ್ನಿನಲ್ಲಿ ದೊಡ್ಡ ಪಾತಿಯನ್ನೇ ಮಾಡಿಸಿದ್ದರು. ಅವರದು ಜಿಗುಟು ಮಣ್ಣು ಬಳಸುವ ಪದ್ಧತಿ. ಬೇರುಗಳು ಹೊಕ್ಕು ಮಣ್ಣನ್ನು ಸಡಿಲಿಸಿಯಾವೆಂದು ಲೆಕ್ಕ. ಬೇರುಗಳಿಗೆ ಆ ಲೆಕ್ಕ ತಿಳಿಯಲಿಲ್ಲ; ಅಂಥ ಪಾತಿಗಳಲ್ಲಿ ನೀರು ಮಣ್ಣಿನ ಮೇಲೆಯೇ ಹರಿಯಿತು. ಮುಂದೆ ಇಂಗ್ಲೆಂಡಿನವರು ಮಣ್ಣನ್ನು ಬಿಟ್ಟು ಗರಸಿಗೆ ಹೊರಳಿದರು. ದೊಡ್ಡವರು ಬಿದ್ದ ಗುಂಡಿಯಲ್ಲೇ ನಾನೂ ಬಿದ್ದೆನೆಂದು ಹೆಂಡತಿಗೆ ವಿವರಿಸಿದೆ. “ಅವ್ರ ಮನಿ ಮಂದಿನೂ ಅಂಗಳದಾಗ ಅರಿವಿ ಒಣಗಿಸಿದ್ರೇನು?” ಎಂದಳು.

ಇಡೀ ಚಳಿಗಾಲ ನಾನೂ ಗೌಂಡಿಯೂ ಕೂಡಿ ತೊಟ್ಟಿ ಬರಿದುಮಾಡಿ, ಖಡಿಯನ್ನು ಬುಟ್ಟಿಬುಟ್ಟಿಯಾಗಿ ತೊಳೆದು ಮತ್ತೆ ತುಂಬಿದೆವು. ಈ ಸಲ ನೀರು ಖಡಿಯ ಮೇಲ್ಮೈಗಿಂತ ಮೂರು ಬೆರಳು ಕೆಳಗೇ ಇರುವಂತೆ ಹೊರಕೊಳವೆಯನ್ನು ಬಾಗಿಸಿದೆವು. ಕಾಣುವ ನೀರಿಲ್ಲ, ಆದ್ದರಿಂದ ಸೊಳ್ಳೆಗೆ ಮೊಟ್ಟೆಯಿಡಲು ಜಾಗವಿಲ್ಲ. ನಮ್ಮದು ಐದು ಜನರ ಸಂಸಾರ. ಬಚ್ಚಲು, ಮುಸುರೆ, ಬಟ್ಟೆ ಎಲ್ಲ ಕೂಡಿ ದಿನಕ್ಕೆ ಹೆಚ್ಚುಕಡಿಮೆ 300 ಲೀಟರು. ಖಡಿಯ ಸಂದಿನಲ್ಲಿ ಹಿಡಿಯುವುದು ಸಾವಿರ ಲೀಟರಿನ ಆಸುಪಾಸು. ಎಂದರೆ ಸೋಮವಾರ ಮಿಂದ ನೀರು ಹೊರಗೆ ಕಾಣಿಸಿಕೊಳ್ಳುವುದು ಗುರುವಾರ. ಈ ಮೂರು ದಿನದ ಕತ್ತಲಲ್ಲೇ ಎಲ್ಲ ನಡೆಯುವುದು. ಕೆರೆಯಂಚಿನಿಂದ ಜೊಂಡು, ಶಾಲೆಯ ತೋಟದಿಂದ ಕಾಬಾಳೆ, ಕಮಲಾಪುರದಿಂದ ಅವ್ವನ ಕಾಲದ ಕೆಸುವಿನ ಸಂತತಿ ಬಂದವು. ಮಾರ್ಚಿಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕೊರೋನದ ಆ ದಿನಗಳಲ್ಲಿ ನನಗಿದ್ದ ಏಕೈಕ ಪ್ರಯಾಣವೆಂದರೆ ತೊಟ್ಟಿಯ ಈ ತುದಿಯಿಂದ ಆ ತುದಿಗೆ. ಜೂನಿನ ಒಂದು ಬೆಳಗ್ಗೆ ಹೊರಕೊಳವೆಯ ಕೆಳಗೆ ಗಾಜಿನ ಲೋಟ ಹಿಡಿದೆ. ನೀರು ತಿಳಿಯಾಗಿತ್ತು. ಮೂಸಿ ನೋಡಿದೆ, ಮಳೆ ಬಿದ್ದ ನೆಲದ ವಾಸನೆ, ಅಷ್ಟೆ. ಮೊಮ್ಮಗಳು ಕುಡಿಯಲು ಕೈಚಾಚಿದಳು. ಬೇಡವೆಂದೆ. ತಿಳಿಯಾದದ್ದೆಲ್ಲ ಶುದ್ಧವಲ್ಲ, ರೋಗಾಣುಗಳು ಬಹುಪಾಲು ಕಡಿಮೆಯಾಗುತ್ತವೆ, ಎಲ್ಲವೂ ಸಾಯುವುದಿಲ್ಲ. ಗಿಡಕ್ಕೆ ಕುಡಿಸಬಹುದಾದ ನೀರು ಅದು.

ಅವ್ವನ ಕಾಲಕ್ಕಿಲ್ಲದ ಒಂದು ತೊಡಕು ನಮ್ಮ ಕಾಲಕ್ಕಿದೆ. ಬಟ್ಟೆಯ ಪುಡಿಯಲ್ಲಿ ಬರುವ ಉಪ್ಪನ್ನು ಯಾವ ಜೀವಾಣುವೂ ತಿನ್ನುವುದಿಲ್ಲ. ನೀರಿನೊಡನೆ ಅದು ಒಳಗೆ ಬಂದಂತೆಯೇ ಹೊರಗೆ ಹೋಗುತ್ತದೆ. ಅದರಲ್ಲಿನ ಸೋಡಿಯಂ ನಮ್ಮ ಎರೆಮಣ್ಣಿಗೆ ಬಿದ್ದರೆ ಮಣ್ಣು ಬಿಗಿದು ಹೆಂಟೆಯಾಗಿ ಕೂರುತ್ತದೆ. ಮೇ ತಿಂಗಳಲ್ಲಿ, 42 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಜೊಂಡೂ ಕಾಬಾಳೆಯೂ ಒಳಬಂದ ನೀರಿನ ದೊಡ್ಡ ಪಾಲನ್ನು ಕುಡಿದು ಆವಿಮಾಡಿಬಿಡುತ್ತವೆ. ಉಳಿದ ನೀರು ಇನ್ನಷ್ಟು ಉಪ್ಪಾಗಿ ಹನಿಹನಿಯಾಗಿ ಬೀಳುತ್ತದೆ. ಪುಡಿಯನ್ನು ಕಡಿಮೆ ಹಾಕೆಂದು ಹೆಂಡತಿಗೆ ಹೇಳಿದೆ. “ನಿಮ್ಮ ಗಿಡದ ಸಲುವಾಗಿ ನಾ ಸೀಗೀಕಾಯಾಗ ಅಂಗಿ ಒಗೀಲೇನು?” ಎಂಬ ಪ್ರಶ್ನೆ ಬಂತು. ಕೊನೆಗೆ ಬಟ್ಟೆಯ ಮೊದಲ ನೀರು ಗಟಾರಕ್ಕೆ, ಜಾಲಿಸಿದ ನೀರು ತೊಟ್ಟಿಗೆ ಎಂದು ಒಪ್ಪಂದವಾಯಿತು. ಗಟಾರಕ್ಕೆ ಎಂದಾಗ ನನಗೆ ಆ ಪಾದಗಳು ನೆನಪಾದವು. ಆದರೂ ಒಪ್ಪಿದೆ.

ಹೊರಕೊಳವೆಯ ಬುಡಕ್ಕೆ ಏನು ನೆಡಬೇಕೆಂಬುದರಲ್ಲಿ ಯೋಚನೆಗೆ ಎಡೆಯೇ ಇರಲಿಲ್ಲ. 2021ರ ಮಳೆಗಾಲದಲ್ಲಿ ಕಮಲಾಪುರದಿಂದ ನನ್ನ ಸೋದರಮಾವನ ಮಗ ಕಂದು ತಂದುಕೊಟ್ಟ. ಕೆಂಪು ಬಾಳೆಯ ಹಳೆಯ ತೋಟಗಾರ. ಮೊದಲಿನಷ್ಟು ಈಗ ಹಾಕುವುದಿಲ್ಲ. ಒಂದೂವರೆ ವರ್ಷ ನೆಲ ಹಿಡಿದು ನೀರು ಕುಡಿಯುವ ಬೆಳೆಗೆ ಕೊಳವೆ ಬಾವಿ ಸಾಲದು. ಅವನು ತೊಟ್ಟಿಯ ಸುತ್ತ ಎರಡು ಸುತ್ತು ಬಂದ, ಕೊಳವೆಯ ನೀರನ್ನು ಅಂಗೈಗೆ ಹಿಡಿದು ನೋಡಿದ.

ನಾನು ಹುರುಪಿನಿಂದ ಹೇಳಿದೆ: ನಿಮ್ಮ ಊರಿನ ನೀರನ್ನೆಲ್ಲ ಹೀಗೆ ದೊಡ್ಡ ತೊಟ್ಟಿಗಳಲ್ಲಿ ಹಾಯಿಸಿದರೆ ತೋಟಕ್ಕೆ ಬೇಸಿಗೆಯಲ್ಲೂ ನೀರಾಗುತ್ತದಲ್ಲ, ಬಾಳೆಯ ಹಣ್ಣು ನೆಲಕ್ಕೆ ತಾಗುವುದಿಲ್ಲ, ಮೇಲೆ ತೂಗುತ್ತದೆ, ತಿನ್ನುವವನು ಸಿಪ್ಪೆ ಸುಲಿದೇ ತಿನ್ನುತ್ತಾನೆ, ಹಸಿಯಾಗಿ ತಿನ್ನುವ ಸೊಪ್ಪಿಗಿರುವ ಅಪಾಯ ಅದಕ್ಕಿಲ್ಲ.

ಅವನು ಕೈ ಒರೆಸಿಕೊಂಡ. “ನೀ ಹೇಳೂದು ಖರೆ ಇರ್ಬೇಕು ಅಣ್ಣಾ. ಆದ್ರ ನಮ್ಮ ಹಣ್ಣಿಗಿ ಇರೂದು ಒಂದು ಹೆಸರು. ಪ್ಯಾಟ್ಯಾಗ ಒಬ್ಬಂವ ‘ಇದು ಗಟಾರ ಬಾಳಿ’ ಅಂದ್ರ ಮುಗೀತು. ಆಮ್ಯಾಲ ನೀ ಬಂದು ಸಿಪ್ಪಿ ಸುಲದು ತೋರಸ್ತೇನು?”

ನಾನು ಸುಮ್ಮನಾದೆ. ನಮ್ಮ ಮನೆಯ ದೇವರ ಕೋಣೆಯಲ್ಲಿ ಹುಟ್ಟಿದ ಜಾತಿಭೇದವೇ ಪೇಟೆಯಲ್ಲೂ ಕೂತು ತೂಕ ಮಾಡುತ್ತಿದ್ದರೆ, ಬಡ ತೋಟಗಾರನನ್ನು ಮೊದಲು ಅದರೆದುರು ನಿಲ್ಲಿಸುವ ಹಕ್ಕು ನನಗೆಲ್ಲಿಯದು? ಅವನು ಹೊರಡುವಾಗ ಕಂದಿನ ಬುಡ ತುಳಿದು ಗಟ್ಟಿಮಾಡಿ, “ಇದು ಬರ್ತದ ಬಿಡು, ಛಲೋ ಬರ್ತದ” ಎಂದ.

ಬಂತು. 2023ರಲ್ಲಿ ಗೊನೆ ಬಿಟ್ಟಿತು. ಕಾಯಿ ಬಲಿತು, ಬಣ್ಣ ತಿರುಗಿ, ಅವ್ವನ ಪುಣ್ಯತಿಥಿಗೆ ಎರಡು ದಿನ ಮುಂಚೆ ಮೊದಲ ಚಿಪ್ಪು ಹಣ್ಣಾಯಿತು. ನೈವೇದ್ಯಕ್ಕೆ ಯಾವುದನ್ನಿಡುವುದು? ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಅಧ್ಯಾಯವಿರಲಿಲ್ಲ. ಹೆಂಡತಿ ನನ್ನನ್ನು ಕೇಳಲೇ ಇಲ್ಲ. ಪೇಟೆಯಿಂದ ತರಿಸಿದ ಹಣ್ಣನ್ನು ದೇವರ ಮುಂದಿಟ್ಟಳು. ಹಿತ್ತಲಿನದನ್ನು ಅವ್ವನ ಫೋಟೋದ ಮುಂದಿಟ್ಟಳು.

“ಅತ್ತೀರಿಗಿ ಇದು ಯಾವ ನೀರಿಂದು ಅಂತ ಗೊತ್ತದ,” ಎಂದಳು.

ಪೇಟೆಯ ಹಣ್ಣು ಯಾವ ನೀರಿನದೆಂದು ನಮಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಕಾಯಿಪಲ್ಯದವಳು ಬಂದಾಗ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. “ಕಮಲಾಪುರದ್ದೇನ್ರಿ ಸರ? ಭಾಳ ತುಟ್ಟಿ ಹಣ್ಣ ಇದು.”

“ಅಲ್ಲವ್ವಾ. ನಮ್ಮ ಹಿತ್ತಲದ್ದು.”

“ನೀರು?”

“ಬಚ್ಚಲದ್ದು.”

ಬಾಯಿಗೆ ಸೆರಗು ಹಿಡಿದು ನಕ್ಕಳು. ಒಂದು ಹಣ್ಣನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಸುಲಿದು ತಿಂದಳು, ಉಳಿದವನ್ನು ಸೊಪ್ಪಿನ ಮೇಲೆ ಜೋಪಾನವಾಗಿ ಇಟ್ಟಳು. ಕಾಲು ಹೇಗಿದೆಯೆಂದು ಕೇಳಿದೆ.

“ಹಂಗೇ ಅವ್ರಿ. ಹಳ್ಳ ಹಂಗೇ ಅದಲ್ಲ.”

ನಮ್ಮ 300 ಲೀಟರು ಬಾರದೆ ಹೋದದ್ದು ಆ ಹಳ್ಳಕ್ಕೆ ತಿಳಿದೂ ಇರಲಾರದು. ಈ ಸಲ ಅವಳಿಗೆಂದು ರಬ್ಬರಿನ ಬೂಟು ತಂದಿಟ್ಟಿದ್ದೆ. ಎರೆಮಣ್ಣಿನ ಕೆಸರಿನಲ್ಲಿ ಅದು ಹೂತು ಕಾಲು ಮಾತ್ರ ಮೇಲೆ ಬರುತ್ತದೆಂದು ಹೇಳಿ, ಬೇಡವೆನ್ನಲಾರದೆ ತೆಗೆದುಕೊಂಡಳು. ಬುಟ್ಟಿಗೆ ಕೈಕೊಟ್ಟು ತಲೆಯ ಮೇಲೆ ಎತ್ತಿಸಿದೆ. ಓಣಿಯ ಗಟಾರದ ಕಲ್ಲನ್ನು ದಾಟಿ ಅವಳು ಮುಂದಿನ ಮನೆಯ ಬಾಗಿಲಿಗೆ ಹೋದಳು: “ಮೆಂತಿಪಲ್ಯಾ... ಪಾಲಕಾ...”